ಓಡಿಸಲಿಲ್ಲ, ಕರೆದುಕೊಂಡು ಹೋದಳು

ಆಕೆ ಸಿಟ್ಟಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ತೀರಿಹೋದವರ ಬಗ್ಗೆ ಬರೆಯುವಾಗ ಎಲ್ಲರನ್ನೂ ಶಾಂತಮೂರ್ತಿಗಳನ್ನಾಗಿ ಮಾಡಿಬಿಡುವ ಕೆಟ್ಟ ಚಟ ನಮಗಿದೆ. ಆಕೆಗೆ ಹಾಗೆ ಮಾಡಿದರೆ ಎದ್ದು ಬಂದು ನನ್ನ ಕೈಯ ಪೆನ್ನು ಕಸಿದುಕೊಂಡಾಳು. ಕಸ ಹೊಡೆಯುವಾಗ ಬೈಯುತ್ತಿದ್ದಳು, ಗಂಟೆ ಬಾರಿಸುವಾಗ ಬೈಯುತ್ತಿದ್ದಳು, ತಡವಾಗಿ ಬಂದ ಹುಡುಗಿಯ ಜಡೆ ಬಿಚ್ಚಿದ್ದರೆ ಬೈಯುತ್ತಲೇ ಹೆಣೆದು ಒಳಗೆ ಕಳಿಸುತ್ತಿದ್ದಳು. ಎಲ್ಲರೂ ‘ಆಯಾ’ ಎನ್ನುತ್ತಿದ್ದರು. ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆಯದ ನನಗೆ, ಈಗ ನನ್ನ ಬರಹಕ್ಕೆ ಅದನ್ನು ಬಳಸಿಕೊಳ್ಳುವ ಹಕ್ಕಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ರಾಯಚೂರಿನಿಂದ ದೇವದುರ್ಗದ ಒಂದು ಹೆಣ್ಣುಮಕ್ಕಳ ಶಾಲೆಗೆ ವಿಜ್ಞಾನದ ಟೀಚರಾಗಿ ಬಂದೆ. ಇಪ್ಪತ್ತಮೂರು ವರ್ಷ. ಬಸ್ಸಿಳಿದು, ಹೆಗಲಿಗೊಂದು ಚೀಲ ಹಾಕಿಕೊಂಡು ಶಾಲೆಯ ಬಾಗಿಲು ದಾಟಿದ್ದೇ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸು ಚೀರಿದಳು.

"ಅಲ್ಲೇ ನಿಂದರ್ರಿ! ಚೀಲದಾಗ ಏನದ?"

"ಬಾಳಿಹಣ್ಣು."

"ಎದಿಗೆ ಅವಚಿಕೋಬ್ಯಾಡ್ರಿ, ಅಂವಗ ಗೊತ್ತಾಗ್ತದ. ಕೆಳಗ ಜೋತು ಬಿಡ್ರಿ. ಮ್ಯಾಲೆ ನೋಡಬ್ಯಾಡ್ರಿ. ಓಡಬ್ಯಾಡ್ರಿ. ಸಂತಿಗೆ ಹೋದಂಗ ನಡಕೊಂತ ಬರ್ರಿ."

ಮೇಲೆ ನೋಡಬೇಡಿ ಎಂದರೆ ಯಾರು ತಾನೇ ನೋಡದೆ ಇರುತ್ತಾರೆ? ನೋಡಿದೆ. ಅಂಗಳದ ಹುಣಸೆಮರದ ತುಂಬ ಕೆಂಪು ಮೂತಿಯ ಮಂಗಗಳು, ನಲವತ್ತಕ್ಕೆ ಕಡಿಮೆಯಿಲ್ಲ. ಒಂದರ ಕಣ್ಣಿಗೆ ನನ್ನ ಕಣ್ಣು ತಾಗಿತು. ಮರುಗಳಿಗೆಯಲ್ಲಿ ಚೀಲ ನನ್ನ ಹೆಗಲ ಮೇಲಿರಲಿಲ್ಲ, ಸೆರಗು ಹರಿದಿತ್ತು.

"ಓದಿದವರಿಗೆ ಕಿವಿ ಇರೂದಿಲ್ಲೇನು?" ಎಂದಳು ಆಕೆ. ನಮ್ಮ ಪರಿಚಯವಾದದ್ದು ಹೀಗೆ.

ಇದನ್ನು ಓದಿ ನಗುವವರು ನಗಲಿ, ಆ ಶಾಲೆಯಲ್ಲಿ ಅದು ನಗುವ ಮಾತಾಗಿರಲಿಲ್ಲ. ಮಂಗಗಳು ಬುತ್ತಿ ಕಿತ್ತುಕೊಳ್ಳುತ್ತಿದ್ದವು, ಕೊಡದಿದ್ದರೆ ಕಚ್ಚುತ್ತಿದ್ದವು. ನಾನು ಬರುವ ಹೊತ್ತಿಗೆ ಇಬ್ಬರು ಹುಡುಗಿಯರಿಗೆ ಕಚ್ಚಿದ್ದವು. ಆ ಇಬ್ಬರೂ ಶಾಲೆ ಬಿಟ್ಟಿದ್ದರು. ಅವರ ಜೊತೆಗೆ ಮಂಗ ಮುಟ್ಟದ ಐದಾರು ಮಂದಿಯೂ ಬಿಟ್ಟಿದ್ದರು. ಗಂಡುಹುಡುಗರ ಶಾಲೆಯ ದಾರಿಯಲ್ಲೂ ಅವೇ ಮಂಗಗಳಿದ್ದವು. ಮಂಗನ ಕಾಟವೆಂದು ಒಬ್ಬ ಹುಡುಗನನ್ನಾದರೂ ಯಾರಾದರೂ ಮನೆಯಲ್ಲಿ ಕೂಡಿಸಿದರೇ? ಹೆಣ್ಣುಮಗಳ ಓದು ನಿಲ್ಲಿಸಲು ನಮ್ಮವರಿಗೆ ಒಂದು ನೆಪ ಬೇಕಿತ್ತು, ಮರದ ಮೇಲೆ ಪುಕ್ಕಟೆಯಾಗಿ ಸಿಕ್ಕಿತ್ತು.

ಇದಕ್ಕೆ ಏನಾದರೂ ಮಾಡಬೇಕು ಎಂದು ಹೆಡ್ ಮಾಸ್ತರರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು. ಮಾಡಿದವಳು ಆಯಾ.

ಆಕೆ ಗೂಗಲ್ ಎಂಬ ಹಳ್ಳಿಯ ಕಡೆಯ ಕೂಲಿಯವರ ಮನೆಯ ಮಗಳು. ಹತ್ತು ವರ್ಷದವಳಿದ್ದಾಗಿನಿಂದ ಹೊಳೆದಂಡೆಯ ಶೇಂಗಾ ಹೊಲಗಳಲ್ಲಿ ಮಂಗ ಕಾಯ್ದವಳು. ಆಕೆಯ ಅಣ್ಣ ಒಂದು ಸಲ ಕಲ್ಲು ಬೀಸಿದನಂತೆ. ಕಲ್ಲು ತಾಗಿದ್ದು ಒಂದಕ್ಕೆ, ಮೈಮೇಲೆ ಬಿದ್ದದ್ದು ಇಡೀ ಹಿಂಡು. ಅವನ ಒಂದು ಕಿವಿ ಹೋಯಿತು. ಅಂದಿನಿಂದ ಆಕೆ ಕಲ್ಲು ಮುಟ್ಟಲಿಲ್ಲ, ನೋಡುವುದನ್ನು ಕಲಿತಳು.

ಶಾಲೆಯಲ್ಲೂ, ಕೆಲಸ ಶುರು ಮಾಡುವ ಮೊದಲು, ಹದಿನೈದು ದಿನ ಬರೀ ನೋಡಿದಳು. ಊಟದ ಬಿಡುವಿನಲ್ಲಿ ಆಕೆಯ ಪಕ್ಕ ಕೂತು ನಾನೂ ನೋಡಿದೆ. ನನಗೆ ಕಂಡದ್ದು ಮಂಗಗಳ ಗುಂಪು. ಆಕೆಗೆ ಕಂಡದ್ದು ಸಂಸಾರ. ಅಗಲ ಭುಜದ ದೊಡ್ಡದಕ್ಕೆ ‘ದೊರಿ’ ಎನ್ನುತ್ತಿದ್ದಳು. "ದೊರಿ ಎದ್ದ ಅಂದ್ರ ಎಲ್ಲಾರೂ ಏಳ್ತಾರ. ಅಂವನ್ನ ಎಬ್ಬಸಬಾರದು. ಗುಂಪಿನ ಜೋಡಿ ಯಾವಾಗೂ ಜಗಳ ತಗೀಬ್ಯಾಡ್ರಿ ಅಕ್ಕೋರೆ. ಅಂಚಿಗೆ ಒಬ್ಬ ಕುಂತಿರ್ತಾನ ನೋಡ್ರಿ, ಪಾಲು ಸಿಗದಾಂವ, ಬೈಸಿಕೊಂಡಾಂವ. ಅಂವನ್ನ ಕರೀಬೇಕು."

ಕರೆಯುವ ರೀತಿ ಹೀಗೆ. ಮೊದಲು ಎಲ್ಲಿಗೆ ಕರೆದೊಯ್ಯಬೇಕೆಂದು ಗೊತ್ತು ಮಾಡಿಕೊಳ್ಳಬೇಕು. ಊರಾಚೆ ಗುಡ್ಡದ ಬುಡದಲ್ಲಿ ಒಂದು ಹಾಳು ತೋಟವಿತ್ತು. ಅತ್ತಿಮರಗಳಿದ್ದವು, ಬಾವಿಯಲ್ಲಿ ನೀರಿತ್ತು. ಆಮೇಲೆ ತಾನು ತಪ್ಪಿಸಿಕೊಳ್ಳುವ ದಾರಿಯನ್ನು ನೋಡಿಟ್ಟುಕೊಳ್ಳಬೇಕು. ಅದಾದ ಮೇಲಷ್ಟೇ ಶೇಂಗಾ. ಅಂಚಿನ ಮಂಗನಿಗೆ ಮಾತ್ರ ಕಾಣುವ ಹಾಗೆ ನಾಲ್ಕು ಕಾಯಿ ನೆಲಕ್ಕೆ ಹಾಕಿ, ಬೆನ್ನು ತಿರುಗಿಸಿ, ಮೆಲ್ಲಗೆ ನಡೆಯಬೇಕು. ಹಿಂದೆ ನೋಡಬಾರದು. ಹತ್ತು ಹೆಜ್ಜೆಗೊಂದು ಕಾಯಿ. ದೊರೆ ಕತ್ತೆತ್ತಿದರೆ ಅಲ್ಲೇ ಕೂತು ಕಾಲಿನ ಮುಳ್ಳು ತೆಗೆಯುವವಳಂತೆ ನೆಲ ನೋಡಬೇಕು. ಎರಡು, ಹೆಚ್ಚೆಂದರೆ ಮೂರು ಹಿಂದೆ ಬಂದರೆ ಸರಿ. ನಾಲ್ಕನೆಯದು ಎದ್ದರೆ ಅಂದಿನ ಕೆಲಸ ಬಿಟ್ಟು ಬರಬೇಕು.

ಒಂದು ದಿನ ಆಕೆಯ ಹಿಂದೆ ಮೂರು ಮಂಗಗಳು ಮದುವೆಯ ದಿಬ್ಬಣದವರಂತೆ ಸಾಲಾಗಿ ಹೊರಟಿದ್ದನ್ನು ಕಂಡು ನಾನು ಗೊಳ್ಳನೆ ನಕ್ಕೆ. ಮೂರೂ ನನ್ನ ಕಡೆ ತಿರುಗಿದವು. "ಹಲ್ಲು ಮುಚ್ಚರಿ!" ಎಂದು ಆಕೆ ಗದರಿದ ದನಿಗೆ ನನ್ನ ಬಾಯಿ ತಾನಾಗಿ ಮುಚ್ಚಿತು. ಮಂಗನಿಗೆ ಹಲ್ಲು ತೋರಿಸಿದರೆ ಕಾದಾಟಕ್ಕೆ ಕರೆದಂತೆ ಎಂದು ಆಮೇಲೆ ಹೇಳಿದಳು. ನಾನು ಓದಿದ ಪ್ರಾಣಿಶಾಸ್ತ್ರದಲ್ಲಿ ಅದು ಇರಲಿಲ್ಲ.

ಹುಡುಗಿಯರಿಗೆ ಇದನ್ನೆಲ್ಲ ಆಟವಾಗಿ ಕಲಿಸಿದಳು. ಆಟದ ಪಿರಿಯಡ್ಡಿನಲ್ಲಿ ಹತ್ತು ಹುಡುಗಿಯರು ಮಂಗಗಳಾಗಿ ಕಟ್ಟೆಯ ಮೇಲೆ ಕೂರಬೇಕು. ಒಬ್ಬಳು ದೊರೆ. ಇನ್ನೊಬ್ಬಳು ಕರೆಯುವವಳು. ಮೂರಕ್ಕಿಂತ ಹೆಚ್ಚು ಮಂಗ ಎದ್ದರೆ ಕರೆದವಳು ಸೋತಳು. ಇಡೀ ಗುಂಪು ಎದ್ದರೆ ಉಳಿದ ಹುಡುಗಿಯರೆಲ್ಲ ಇದ್ದಲ್ಲೇ ಕುಕ್ಕರಗಾಲಿನಲ್ಲಿ ಕೂತು, ಬಾಯಿ ಮುಚ್ಚಿ, ಕೈ ಬಿಚ್ಚಿ ಬರಿಗೈ ತೋರಿಸಿ, ನೆಲ ನೋಡಬೇಕು. ದೊರೆಯ ಪಾತ್ರಕ್ಕೆ ಜಗಳವೋ ಜಗಳ. ಏಳನೇ ತರಗತಿಯಲ್ಲಿದ್ದ ಆಯಾನ ಮಗಳೇ ಆ ಪಾತ್ರವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದಳು. ಅವ್ವನ ಸಿಟ್ಟು ಅವಳಿಗೂ ಬಂದಿತ್ತು. ತಿಂಗಳೊಳಗೆ ಬಿಟ್ಟುಹೋಗಿದ್ದವರಲ್ಲಿ ಮೂವರು ಆಟ ನೋಡಲು ಬಂದು ಮತ್ತೆ ತರಗತಿಯಲ್ಲಿ ಕೂತರು.

ಮನುಷ್ಯರ ಮೇಲೂ ಆಕೆಯ ವಿದ್ಯೆ ನಡೆಯುತ್ತಿತ್ತು. ಶಾಲೆಯ ದಾರಿಯ ಮೋರಿಕಟ್ಟೆಯ ಮೇಲೆ ಐದಾರು ಪಡ್ಡೆಗಳು ಕೂತು ಹುಡುಗಿಯರಿಗೆ ಹಾಡು ಹೇಳುತ್ತಿದ್ದರು. ಹೆಡ್ ಮಾಸ್ತರರು ಹೋಗಿ ಎಲ್ಲರಿಗೂ ಒಟ್ಟಿಗೆ ಬುದ್ಧಿ ಹೇಳಿ, ಎಲ್ಲರಿಂದ ಒಟ್ಟಿಗೆ ಸಿಳ್ಳೆ ಹಾಕಿಸಿಕೊಂಡು ಬಂದರು. ಆಯಾ ಕಟ್ಟೆಯ ತುದಿಯಲ್ಲಿ ಕೂರುವವನನ್ನು ಕರೆದಳು. "ಏ ತಮ್ಮಾ, ಇಲ್ಲಿ ಬಾ, ಈ ಕೊಡ ಹೊರಸು." ನಾಲ್ಕು ಹೆಜ್ಜೆ ಆಚೆ ಬಂದ ಮೇಲೆ, "ನಿಮ್ಮವ್ವ ಹೊಲದಾಗ ನನ್ನ ಜೋಡಿ ಕಳೆ ತಗದಾಕಿ. ಆಕಿಗೆ ಹೇಳ್ಲೇನು, ನಿನ್ನ ಮಗ ಏನ್ ಹಾಡಾಕತ್ಯಾನ ಅಂತ?" ಮರುದಿನ ಅವನು ಬರಲಿಲ್ಲ. ಅದರ ಮರುದಿನ ಇನ್ನೊಬ್ಬ. ವಾರದಲ್ಲಿ ಕಟ್ಟೆ ಖಾಲಿ.

ಹೆಡ್ ಮಾಸ್ತರರಿಗೆ ಇದು ಸೇರಲಿಲ್ಲ. ಮೊದಲೇ ಆಕೆಯ ಮೇಲೆ ಅವರಿಗೆ ಹಲ್ಲು ಕಡಿಯುವಷ್ಟು ಕೋಪ. ಮನೆಗೆ ನೀರು ಹೊತ್ತು ಹಾಕು ಎಂದಾಗ ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಹೇಳಿದ್ದಳು. "ನಾ ಸಾಲಿ ಆಯಾ ಅದೀನ್ರಿ. ನಿಮ್ಮ ಮನಿ ಆಯಾ ಅಲ್ಲ." ಒಳಗಿದ್ದ ನಾವು ಆರು ಮಂದಿ ಟೀಚರುಗಳು ಪುಸ್ತಕದಲ್ಲಿ ಮುಖ ಹುದುಗಿಸಿ ನಕ್ಕೆವು. ಅವರ ಮನೆಯ ಹಪ್ಪಳ ಒತ್ತಿಕೊಟ್ಟವರೇ ಎಲ್ಲರೂ. ಆ ಮಾತನ್ನು ನಮ್ಮಲ್ಲಿ ಒಬ್ಬಳೂ ಒಮ್ಮೆಯೂ ಆಡಿರಲಿಲ್ಲ.

ಆರು ತಿಂಗಳಲ್ಲಿ ಮರದಲ್ಲಿ ಉಳಿದದ್ದು ಹತ್ತು ಹನ್ನೆರಡು ಮಂಗಗಳು. ಆದರೆ ಅವು ದೊರೆಯ ಹತ್ತಿರದವು, ಅಂಚಿನವಲ್ಲ. ಆ ಹೊತ್ತಿಗೆ ಶಾಲೆ ತಪಾಸಣೆಗೆ ದೊಡ್ಡ ಅಧಿಕಾರಿ ಬರುತ್ತಾರೆಂದು ಕಾಗದ ಬಂತು. ಶಾಲೆಯ ಸಮಿತಿಯ ಅಧ್ಯಕ್ಷನೆಂಬ ಒಬ್ಬ ಅಂಗಡಿ ಸಾಹುಕಾರ, ತನ್ನ ಆಳುಗಳನ್ನು ಪಟಾಕಿ ಕೊಟ್ಟು ಕಳಿಸುತ್ತೇನೆ, ಅರ್ಧ ತಾಸಿನ ಕೆಲಸ ಎಂದ.

ಆಯಾ ಆಫೀಸಿನ ಒಳಗೇ ಹೋದಳು. "ಎಂಟು ದಿನ ಕೊಡ್ರಿ ಸರ. ದೊರಿಗೆ ಈಗ ನನ್ನ ಗುರ್ತು ಹತ್ತೇದ. ಅಂವ ಬಂದ್ರ ಎಲ್ಲಾ ಬರ್ತಾವ. ಪಟಾಕಿ ಹಾರಸಿದ್ರ ಹೊರಗ ಹೋಗೂದಿಲ್ರಿ, ಒಳಗ ಬರ್ತಾವ."

"ಮಂಗ್ಯಾಗೋಳ ಅಪ್ಪಣಿ ತಗೊಂಡು ಸಾಲಿ ನಡಸಬೇಕೇನು ನಾನು? ಹೋಗು, ನಿನ್ನ ಕೆಲಸ ನೋಡು."

"ಹಂಗಾದ್ರ ಐತವಾರ ಹಾರಸರಿ. ಹುಡುಗ್ಯಾರು ಇರೂದಿಲ್ಲ."

"ಐತವಾರ ಸಾಹುಕಾರ್ರ ಆಳಿಗೆ ಸೂಟಿ."

ಮಂಗಗಳ ಬಗ್ಗೆ ನನಗೆ ಸಿಟ್ಟಿಲ್ಲ. ಈ ಕೊನೆಯ ಉತ್ತರದ ಬಗ್ಗೆ ಇಂದಿಗೂ ಇದೆ. ಇನ್ನೂರು ಹುಡುಗಿಯರಿಗಿಂತ ಮೂವರು ಆಳುಗಳ ಸೂಟಿ ದೊಡ್ಡದಾಗಿತ್ತು.

ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹಾರಿಸಿದರು. ಹುಣಸೆಮರದ ಬುಡದಲ್ಲಿ ಪಟಾಕಿಯ ಸರ ಸಿಡಿಯಿತು. ಮಂಗಗಳು ಹೊರಗೆ ಹೋಗಲಿಲ್ಲ. ಮಾಳಿಗೆಗೆ ಹಾರಿ, ಅಲ್ಲಿಂದ ಹುಡುಗಿಯರು ಬುತ್ತಿ ಬಿಚ್ಚಿಕೊಂಡು ಕೂತಿದ್ದ ಪಡಸಾಲೆಗೆ ಧುಮುಕಿದವು. ಆಳುಗಳು ಕಾಂಪೌಂಡು ಜಿಗಿದರು. ಹೆಡ್ ಮಾಸ್ತರರು ಆಫೀಸಿನ ಬಾಗಿಲು ಹಾಕಿಕೊಂಡರು. ನಾನು ಪ್ರಯೋಗಶಾಲೆಯ ಕಿಟಕಿಯ ಹಿಂದೆ ನಿಂತಿದ್ದೆ. ಹೊರಗೆ ಬರಲಿಲ್ಲ.

ಹುಡುಗಿಯರು ಚೀರಲಿಲ್ಲ. ಒಬ್ಬಳು, ಅವಳ ಪಕ್ಕ ಇನ್ನೊಬ್ಬಳು, ಹೀಗೆ ಇಡೀ ಸಾಲು ಕುಕ್ಕರಗಾಲಿನಲ್ಲಿ ಕೂತು, ಬಾಯಿ ಮುಚ್ಚಿ, ಅಂಗೈ ಬಿಚ್ಚಿ ನೆಲ ನೋಡಿತು. ಆದರೆ ರೊಟ್ಟಿಗಳು ಅವರ ಮುಂದೆಯೇ ಇದ್ದವು. ಮಂಗಗಳು ಹಲ್ಲು ಕಿರಿದು ಸಾಲಿನ ಮೇಲೆ ಅಡ್ಡಾಡತೊಡಗಿದವು. ಆಗ ಆಯಾ ನುಗ್ಗಿದಳು. ಸಿಕ್ಕಷ್ಟು ಬುತ್ತಿ ಬಾಚಿ ಉಡಿಯಲ್ಲಿ ತುಂಬಿಕೊಂಡು, ದೊರೆಯ ಮುಖಕ್ಕೆ ಮುಖ ಕೊಟ್ಟು, ಹಲ್ಲು ತೋರಿಸಿ ಕಿರುಚಿ, ಅಂಗಳದ ನಡುವೆ ಓಡಿದಳು. ಆರು ತಿಂಗಳು ಯಾವುದನ್ನು ಮಾಡಬೇಡಿ ಎಂದಿದ್ದಳೋ ಅಷ್ಟನ್ನೂ ಒಂದೇ ಸಲ ಮಾಡಿದಳು. ಗುಂಪಿಗೆ ಗುಂಪೇ ಆಕೆಯ ಬೆನ್ನು ಹತ್ತಿತು. ಬಾಗಿಲ ಆಚೆಗೆ, ರಸ್ತೆ ದಾಟಿ, ಬಯಲಿಗೆ. ಅಲ್ಲಿ ಆಕೆ ಬಿದ್ದಳು.

ಒಬ್ಬ ಹುಡುಗಿಗೆ ಮೊಣಕೈ ಗೀರಿತ್ತು. ಉಳಿದವರಿಗೆ ಏನೂ ಆಗಿರಲಿಲ್ಲ. ಆಯಾನನ್ನು ಜೀಪಿನಲ್ಲಿ ಹಾಕಿಕೊಂಡು ರಾಯಚೂರಿನ ಆಸ್ಪತ್ರೆಗೆ ಹೋದೆವು. ಹೆಗಲು, ತೋಳು, ಕುತ್ತಿಗೆಗೆ ಹೊಲಿಗೆ. ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ.

ಆಕೆ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಹೆಡ್ ಮಾಸ್ತರರು ವರದಿ ಬರೆದರು. ‘ಸದರಿ ಹಂಗಾಮಿ ಆಯಾ ಹಲವು ತಿಂಗಳಿಂದ ಮಂಗಗಳಿಗೆ ಶೇಂಗಾ ತಿನ್ನಿಸಿ ಶಾಲೆಯ ಆವರಣಕ್ಕೆ ರೂಢಿ ಮಾಡಿದ್ದರಿಂದ ಈ ಘಟನೆ ಸಂಭವಿಸಿದೆ.’ ಪಟಾಕಿಯ ಸುದ್ದಿಯೇ ಇರಲಿಲ್ಲ. ಕೆಳಗೆ ಸಿಬ್ಬಂದಿಯ ಸಹಿ ಬೇಕು.

ನನ್ನನ್ನು ಒಳಗೆ ಕರೆದರು. "ಬರ್ರಿ ಟೀಚರ್, ಕುಂದರ್ರಿ. ನಿಮ್ಮ ಪ್ರೊಬೇಷನ್ ಮುಗಿಯಾಕ ಇನ್ನೂ ಏಸು ತಿಂಗಳ ಅದ?"

ಅಷ್ಟೇ ಕೇಳಿದರು. ನಾನು ಸಹಿ ಮಾಡಿದೆ.

ತಿಂಗಳಾದ ಮೇಲೆ ಆಕೆ ತನ್ನ ತಾಟು ಚರಿಗೆ ಒಯ್ಯಲು ಬಂದಳು. ಕೆಲಸದಿಂದ ತೆಗೆದಿದ್ದರು. ಕುತ್ತಿಗೆಗೆ ಇನ್ನೂ ಪಟ್ಟಿಯಿತ್ತು. ನಾನು ಪಡಸಾಲೆಯ ಕಂಬದ ಹತ್ತಿರ ನಿಂತಿದ್ದೆ, ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ.

"ನೀವೂ ಸಹಿ ಮಾಡಿದ್ರಂತಲ್ರಿ ಅಕ್ಕೋರೆ?"

ಹೌದೆಂದು ತಲೆಯಾಡಿಸಿದೆ.

"ಎಲ್ಲಾರನೂ ಕೂಡಿಸಿ ಕೇಳಿದನೇನು, ಒಬ್ಬೊಬ್ಬರನ್ನ ಒಳಗ ಕರದನೋ?"

"ಒಬ್ಬೊಬ್ಬರನ್ನ."

"ಮತ್ತ! ನೀವು ಅಂಚಿಗೆ ಕುಂತಿದ್ರಿ" ಎಂದಳು. ಬೈಯಲಿಲ್ಲ. ಆಕೆ ಬೈಯದೆ ಆಡಿದ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಮಗಳ ಕೈ ಹಿಡಿದುಕೊಂಡು ಹೋದಳು. ಏಳನೇ ತರಗತಿಯ ಪರೀಕ್ಷೆಗೆ ಇನ್ನು ಎರಡು ತಿಂಗಳಿತ್ತು. ಊರ ಹೆಣ್ಣುಮಕ್ಕಳನ್ನು ಶಾಲೆಯಲ್ಲಿ ಉಳಿಸಿದವಳ ಮಗಳು ಶಾಲೆ ಬಿಟ್ಟಳು. ಅಂದು ಆಕೆಯ ಬೆನ್ನು ಹತ್ತಿ ಹೋದ ಮಂಗಗಳು ಹಿಂತಿರುಗಿರಲಿಲ್ಲ. ತಪಾಸಣೆಗೆ ಬಂದ ಅಧಿಕಾರಿ ಖಾಲಿ ಹುಣಸೆಮರ ನೋಡಿ ಹೆಡ್ ಮಾಸ್ತರರ ಬೆನ್ನು ತಟ್ಟಿದರು. ಆ ದಿನ ಹಾರ ಎತ್ತಿಕೊಟ್ಟವಳು ನಾನೇ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಮಾನ್ವಿಗೆ ವರ್ಗವಾಯಿತು. ಅಲ್ಲಿ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹುಡುಗಿಯ ಮುಖದ ಸಿಟ್ಟು ಗುರುತು ಹತ್ತಿತು. ಆಯಾನ ಮಗಳು. ಅವಳಿಂದ ಮನೆ ಕೇಳಿಕೊಂಡೆ. ಆದರೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಹಳೆಯ ವರದಿಯ ಸುಳ್ಳನ್ನೆಲ್ಲ ತಿದ್ದಿ ಇಲಾಖೆಗೆ ಒಂದು ಅರ್ಜಿ ಬರೆದೆ. ಬರಿಗೈಯಲ್ಲಿ ಹೋಗಲು ಮುಖವಿರಲಿಲ್ಲ, ಅದನ್ನು ಹಿಡಿದುಕೊಂಡು ಒಂದು ಭಾನುವಾರ ಹೋದೆ.

ಆಕೆ ಬಾಗಿಲಲ್ಲಿ ಕೂತು ಎಡಗೈಯಿಂದ ಶೇಂಗಾ ಸುಲಿಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಬರ್ರಿ" ಎನ್ನಲಿಲ್ಲ. ಅರ್ಜಿಯ ವಿಷಯ ಹೇಳಿದೆ.

"ಹೆಡ್ ಮಾಸ್ತರ ಇನ್ನಾ ನೌಕರ್ಯಾಗ ಅದಾನೇನು?"

"ಇಲ್ಲ. ರಿಟೈರ್ ಆದ್ರು."

"ಅದಕ್ಕ ಈಗ ಧೈರ್ಯ ಬಂತು" ಎಂದು ಮಗಳ ಕಡೆ ತಿರುಗಿದಳು. "ಓದಲೇ, ಏನ್ ಬರದಾರ ಕೇಳೂನು."

ಮಗಳು ಓದತೊಡಗಿದಳು. ಎಷ್ಟು ಸ್ಪಷ್ಟವಾಗಿ ಓದುತ್ತಿದ್ದಳೆಂದರೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ‘ಸದರಿ ಬಡ ಮಹಿಳೆಯು’ ಎಂಬಲ್ಲಿ ಆಕೆ ತಡೆದಳು.

"ಬಡವಿ ಅಂತ ಯಾಕ ಬರದೀರಿ? ಬಡತನಕ್ಕ ಕೆಲಸ ತಗದ್ರೇನು? ಹೊಡೀರಿ ಅದನ್ನ."

ಹೊಡೆದು ಹಾಕಿದೆ. ‘ಮಂಗಗಳನ್ನು ಓಡಿಸುವ ಕಾರ್ಯದಲ್ಲಿ’ ಎಂಬಲ್ಲಿ ಶೇಂಗಾದ ಮೊರವನ್ನೇ ಬದಿಗೆ ಸರಿಸಿದಳು.

"ಓಡಸಿದಾಂವ ಹೆಡ್ ಮಾಸ್ತರ. ನಾ ಕರಕೊಂಡು ಹೋದೆ. ಎರಡೂ ಒಂದ ಏನು? ಆರು ತಿಂಗಳ ಬಾಜೂಕ ಕುಂತು ನೋಡೀರಿ, ಇಷ್ಟೂ ತಿಳೀಲಿಲ್ಲ?"

ತಿದ್ದಿದೆ. ಮಗಳು ಮುಂದುವರಿಸಿದಳು. ‘ಮೇಲಧಿಕಾರಿಗಳ ಒತ್ತಡಕ್ಕೆ ಒಳಗಾಗಿ ನಾನು ಸಹಿ ಮಾಡಿರುತ್ತೇನೆ.’

"ಒತ್ತಡ ಅಂದ್ರೇನು?"

ಮಗಳು ನನ್ನ ಮುಖ ನೋಡಿ ಹೇಳಿದಳು. "ಅಂಜಿ ಸಹಿ ಮಾಡ್ಯಾರಂತ."

"ಹಂಗಾದ್ರ ಅಂಜಿ ಅಂತ ಬರೀರಿ. ಸರಕಾರದವರಿಗೆ ತಿಳೀಲಿ."

ಹೊಸ ಹಾಳೆ ತೆಗೆದು, ಆಕೆಯ ಹೊಸ್ತಿಲ ಮೇಲೆ ಕೂತು, ಇಡೀ ಅರ್ಜಿಯನ್ನು ಮತ್ತೆ ಬರೆದೆ. ‘ಅಂಜಿ ಸುಳ್ಳು ಹೇಳಿಕೆಗೆ ಸಹಿ ಮಾಡಿದೆ.’ ಆ ಐದು ಪದಗಳನ್ನು ಒಂದೊಂದಾಗಿ ಬರೆದೆ. ಆಕೆ ನೋಡುತ್ತಲೇ ಇದ್ದಳು. ಸಹಿ ಮಾಡಿದ ಮೇಲೆ ಮೊರ ಹತ್ತಿರ ಎಳೆದುಕೊಂಡು ಮತ್ತೆ ಸುಲಿಯತೊಡಗಿದಳು. ನಮ್ಮ ಸೀಮೆಯಲ್ಲಿ ಮನೆಗೆ ಬಂದ ವೈರಿಗೂ ಚಹಾ ಕೊಡದೆ ಕಳಿಸುವುದಿಲ್ಲ. ನನ್ನನ್ನು ಕಳಿಸಿದಳು. ಸರಿಯಾಗಿಯೇ ಮಾಡಿದಳು.

ಅರ್ಜಿಯನ್ನು ಅಂಚೆಯಲ್ಲಿ ಕಳಿಸಿದೆ. ಉತ್ತರವಿಲ್ಲ. ಇನ್ನೊಂದು ಪ್ರತಿ ಕಳಿಸಿದೆ. ವರ್ಷ ಕಳೆಯಿತು. ಕೊನೆಗೆ ರಜೆ ಹಾಕಿ ರಾಯಚೂರಿನ ಆಫೀಸಿಗೆ ಹೋದೆ. ಗುಮಾಸ್ತ ಕಪಾಟಿನ ಕಡೆ ನೋಡಲೂ ಇಲ್ಲ. "ಹಂಗಾಮಿ ಮಂದಿ ಫೈಲು ಇಡೂದಿಲ್ರಿ ಟೀಚರ್. ಫೈಲೇ ಇಲ್ಲದಾಕಿ ಮ್ಯಾಲಿನ ಅರ್ಜಿ ಎಲ್ಲಿ ಹಚ್ಚೂನು?"

"ಆಕಿನ್ನ ತಗದಿದ್ದಕ್ಕ ಫೈಲ್ ಇತ್ತಲ್ರಿ?"

"ಅದು ಹೆಡ್ ಮಾಸ್ತರ್ರ ಫೈಲು."

ನಾನು ಹುಟ್ಟಿದಂದಿನಿಂದ ಯಾರ ಮುಂದೆಯೂ ದನಿ ಎತ್ತಿದವಳಲ್ಲ. ಅಂದು ಎತ್ತಿದೆ. ಆಯಾನಿಂದ ಕೇಳಿ ಕಲಿತ ಬೈಗುಳಗಳಲ್ಲಿ ಎರಡೋ ಮೂರೋ ನನ್ನ ಬಾಯಿಂದ ಬಂದವು. ಆಚೆ ಮೇಜಿನವರು ಎದ್ದು ನಿಂತರು. ಹೊರಗೆ ಹಾಕಿ ಎಂದ ಒಬ್ಬ. ಬಾಗಿಲಿಗೆ ಅಡ್ಡ ನಿಂತು, ಕಾಗದ ತಗೊಂಡಿದ್ದೇವೆ ಎಂದು ಠಸ್ಸೆ ಒತ್ತಿಕೊಡುವ ತನಕ ಯಾರನ್ನೂ ಹೊರಗೆ ಬಿಡುವುದಿಲ್ಲ ಎಂದೆ. ಪೀಡೆ ತೊಲಗಲಿ ಎಂದು ಗುಮಾಸ್ತ ನನ್ನ ಪ್ರತಿಯ ಮೇಲೆ ದುಂಡನೆಯ ಠಸ್ಸೆ ಒತ್ತಿ, ತಾರೀಖು ಹಾಕಿ ಬಿಸಾಕಿದ. ಏಳೆಂಟು ವರ್ಷದಲ್ಲಿ ಆಕೆಯ ಪರವಾಗಿ ಸರಕಾರ ಮಾಡಿದ ಕೆಲಸ ಅದೊಂದೇ.

ಅದನ್ನು ತೆಗೆದುಕೊಂಡು ಅಂದೇ ಸಂಜೆಯ ಬಸ್ಸಿಗೆ ಮಾನ್ವಿಗೆ ಬಂದು, ಚೀಲ ಇಳಿಸದೆ ಆಕೆಯ ಮನೆಗೆ ಹೋದೆ. ಬಾಗಿಲಲ್ಲಿ ಯಾರೂ ಕೂತಿರಲಿಲ್ಲ. ಮಗಳು ಒಳಗಿಂದ ಬಂದಳು. ಎದೆನೋವೆಂದು ಮಲಗಿದವಳು ಏಳಲಿಲ್ಲ, ಹದಿನೈದು ದಿನವಾಯಿತು ಎಂದಳು. ಒಂದೇ ಊರಿನಲ್ಲಿದ್ದ ನನಗೆ ಸುದ್ದಿ ಮುಟ್ಟಿರಲಿಲ್ಲ. ಮುಟ್ಟಿಸುವಷ್ಟು ನಾನು ಅವರಿಗೆ ಯಾರೂ ಆಗಿರಲಿಲ್ಲ.

ಕಾಗದ ಮುಂದೆ ಮಾಡಿದೆ. ಅವಳು ಕೈಯ ಹಿಟ್ಟು ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ಮೇಲಿಂದ ಕೆಳಗೆ, ಒಂದಕ್ಷರ ಬಿಡದೆ ಓದಿದಳು. ಠಸ್ಸೆಯ ಸುತ್ತಲಿನ ಸಣ್ಣ ಅಕ್ಷರಗಳನ್ನೂ ಕಾಗದ ತಿರುಗಿಸುತ್ತ ಓದಿದಳು. ಆಮೇಲೆ ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನನ್ನು ಕೇಳಿದಳು.

"ಇದನ್ನ ಈಗ ಯಾರಿಗೆ ತೋರಸಬೇಕ್ರಿ ಅಕ್ಕೋರೆ?"